ದಾರಿಯಲ್ಲಿ ಕಳೆದುಹೋಗುವ ಅಕ್ಷರಗಳು

ಕಳೆದ ಆಷಾಢದ ಒಂದು ಸಂಜೆ. ಹೊರಗೆ ಜಿಟಿಜಿಟಿ ಮಳೆ ಹಿಡಿದಿತ್ತು. ನನ್ನ ವಿದ್ಯಾಗುರುಗಳ ಹಿರಿಯ ಮಗಳು ಕೊಡೆಯನ್ನು ಜಗಲಿಯಲ್ಲಿ ಒರಗಿಸಿ ಒಳಗೆ ಬಂದವರು, ಕೈಚೀಲದಿಂದ ಕರವಸ್ತ್ರದ ಗಂಟೊಂದನ್ನು ತೆಗೆದು ಬಿಚ್ಚಿ, ಅದರೊಳಗಿದ್ದ ಪೆನ್ ಡ್ರೈವನ್ನು ನನ್ನ ಮೇಜಿನ ಮೇಲಿರಿಸಿದರು.

"ಅಪ್ಪ ಹೋಗಿ ಎರಡು ವರ್ಷವಾಯಿತು. ಅವರ ಎಂಟು ವರ್ಷದ ಕೆಲಸ ಇದರಲ್ಲಿದೆ. ಪುಸ್ತಕ ಮಾಡಿಸೋಣವೆಂದು ಮನೆಯ ಹೊಸ ಕಂಪ್ಯೂಟರಿನಲ್ಲಿ ತೆರೆದರೆ ಒಂದು ಸಾಲೂ ಕನ್ನಡವಲ್ಲ. ಎಲ್ಲಾ ಅಳಿಸಿಹೋಗಿದೆಯೋ ಏನೋ, ನೀನೇ ನೋಡಬೇಕಪ್ಪ."

"ಗಾಬರಿಯಾಗಬೇಡಿ ಅಕ್ಕ, ನೋಡೋಣ" ಎಂದೆನಾದರೂ ನನ್ನ ಎದೆಯೂ ಒಮ್ಮೆ ಧಸಕ್ಕೆಂದಿತು. ಗುರುಗಳು ನಿವೃತ್ತರಾದ ಮೇಲೆ, 2003ರಿಂದ 2011ರವರೆಗೆ, ಹಳಗನ್ನಡ ಕಾವ್ಯಗಳಿಂದ ಶಬ್ದಗಳನ್ನು ಆಯ್ದು, ಅರ್ಥವನ್ನೂ ಪ್ರಯೋಗವನ್ನೂ ಗುರುತಿಸಿ, ಎರಡೇ ಬೆರಳುಗಳಿಂದ ಕೀಲಿಮಣೆಯನ್ನು ಕುಟ್ಟಿ ಸಿದ್ಧಪಡಿಸಿದ ಶಬ್ದಸಂಚಯವದು. 380 ಪುಟಗಳು. ಕಾಗದದ ಪ್ರತಿಯನ್ನು ಅವರು ಮಾಡಿಸಿರಲಿಲ್ಲ.

ಕಡತವನ್ನು ತೆರೆದೆ. ಅಕ್ಕ ಹೇಳಿದ್ದು ನಿಜವೇ ಆಗಿತ್ತು. ತಲೆಬರಹದಲ್ಲಿ 'ಕನ್ನಡ' ಎಂದಿರಬೇಕಾದ ಕಡೆಯಲ್ಲಿ ರೋಮನ್ ಲಿಪಿಯ ಒಂದು ದೊಡ್ಡ 'ಪಿ', ತಲೆಯ ಮೇಲೆ ಓರೆಗೆರೆ ಹೊತ್ತ ಮೂರು 'ಎ'ಗಳು, ನಡುವೆ ಇಂಗ್ಲೆಂಡಿನ ಪೌಂಡು ನಾಣ್ಯದ ಗುರುತು, ಜರ್ಮನರ ಜೋಡು 'ಎಸ್', ಕೊನೆಗೊಂದು ಸಣ್ಣ 'ಕ್ಯೂ'! ಪಂಪ ರನ್ನರ ಮಾತುಗಳನ್ನು ಕೂಡಿಸಿಟ್ಟ ಪುಟಗಳ ಮೇಲೆ ಯಾವುದೋ ಹೊರನಾಡಿನ ಇರುವೆಗಳ ಸಾಲು ಹರಿದಾಡಿದಂತಿತ್ತು.

ವಾಚಕ ಮಹಾಶಯರೆ, ಇಂತಹ ಪುಟವನ್ನು ತಾವೂ ಕಂಡಿರಬಹುದು. ಹಳೆಯ ಮದುವೆಯ ಕರೆಯೋಲೆ, ಸಂಘದ ವರದಿ, ಪ್ರಶ್ನಪತ್ರಿಕೆ, ತಂದೆಯವರ ಆತ್ಮಕಥೆ, ಯಾವುದಾದರೂ ಆಗಿರಬಹುದು. ಒಂದು ಗಣಕಯಂತ್ರದಲ್ಲಿ ಮುತ್ತು ಪೋಣಿಸಿದಂತಿದ್ದ ಬರಹ ಇನ್ನೊಂದಕ್ಕೆ ಹೋದೊಡನೆ ಹೀಗೇಕೆ ವಿಕಾರವಾಗುತ್ತದೆ? ಅಳಿಸಿಹೋದದ್ದು ನಿಜವಾಗಿ ಯಾವುದು? ಉಳಿದಿರುವುದು ಯಾವುದು? ಇದನ್ನು ತಿಳಿದವನಿಗೆ ಗಾಬರಿಯ ಕಾರಣವಿಲ್ಲ. ತಿಳಿಯದವನು ಅಮೂಲ್ಯವಾದುದನ್ನು ಕಸವೆಂದು ಅಳಿಸಿಬಿಡುವ ಅಪಾಯವುಂಟು.

ಮೊಳೆಯ ಪೆಟ್ಟಿಗೆಯ ದೃಷ್ಟಾಂತ

ಹಿಂದಿನ ಅಚ್ಚುಕೂಟಗಳಲ್ಲಿ ಸೀಸದ ಮೊಳೆಗಳನ್ನು ಇಡುವ ದೊಡ್ಡ ಪೆಟ್ಟಿಗೆಗಳಿರುತ್ತಿದ್ದವು. ಪೆಟ್ಟಿಗೆಯ ತುಂಬ ಸಣ್ಣ ಸಣ್ಣ ಖಾನೆಗಳು. ಒಂದೊಂದು ಖಾನೆಯಲ್ಲಿ ಒಂದೊಂದು ಅಕ್ಷರದ ಮೊಳೆ. ಜೋಡಿಸುವವನ ಕೈ ಕಣ್ಣಿನ ಸಹಾಯವಿಲ್ಲದೆಯೇ ಬೇಕಾದ ಖಾನೆಗೆ ಹೋಗುತ್ತಿತ್ತು.

ಈಗ ಒಂದು ಕಲ್ಪನೆ ಮಾಡೋಣ. ಧಾರವಾಡದ ಮುದ್ರಕನೊಬ್ಬನು ಮೈಸೂರಿನ ಮುದ್ರಕನಿಗೆ ಒಂದು ಪುಟವನ್ನು ಕಳುಹಿಸಬೇಕು. ಅವನು ಮೊಳೆಗಳನ್ನು ಕಳುಹಿಸುವುದಿಲ್ಲ. ಅಚ್ಚಾದ ಕಾಗದವನ್ನೂ ಕಳುಹಿಸುವುದಿಲ್ಲ. "80ನೆಯ ಖಾನೆಯಿಂದ ಒಂದು, 192ನೆಯದರಿಂದ ಒಂದು, ಆಮೇಲೆ 163, 192, 223, 113, 192" ಎಂದು ಅಂಕೆಗಳನ್ನು ಮಾತ್ರ ಬರೆದು ಕಳುಹಿಸುತ್ತಾನೆ. ಮೈಸೂರಿನವನ ಪೆಟ್ಟಿಗೆಯೂ ಅದೇ ಕ್ರಮದಲ್ಲಿದ್ದರೆ 'ಕನ್ನಡ' ಎಂದು ಅಚ್ಚಾಗುತ್ತದೆ. ಅವನ ಬಳಿ ಇಂಗ್ಲಿಷ್ ಪೆಟ್ಟಿಗೆ ಮಾತ್ರ ಇದ್ದರೆ? 80ರಲ್ಲಿ 'ಪಿ' ಇದೆ. 163ರಲ್ಲಿ ಪೌಂಡಿನ ಗುರುತಿದೆ. ಅವನು ಆಜ್ಞಾಧಾರಕನಂತೆ ಅವನ್ನೇ ಜೋಡಿಸುತ್ತಾನೆ. ತಪ್ಪು ಅವನದೆ? ಅಲ್ಲ. ಅಂಕೆಗಳು ಕಳೆದುಹೋದವೆ? ಅದೂ ಅಲ್ಲ. ಒಂದೇ ಅಂಕೆಗೆ ಎರಡು ಊರುಗಳಲ್ಲಿ ಎರಡು ಅರ್ಥವಿದ್ದುದೇ ಕಾರಣ.

ಗುರುಗಳ ಕಡತದಲ್ಲಿ ನಡೆದದ್ದು ಇದೇ. ಗಣಕಯಂತ್ರವು ಅಕ್ಷರವನ್ನು ಅಂಕೆಯಾಗಿಯೇ ನೆನಪಿಡುತ್ತದೆ. ಆ ಅಂಕೆಗೆ ಆಕಾರವನ್ನು ಕೊಡುವ ಮೊಳೆಯ ಪೆಟ್ಟಿಗೆಯೇ ಫಾಂಟು. ಆ ಕಾಲದ ಕನ್ನಡ ಫಾಂಟುಗಳಿಗೆ ದೊರೆಯುತ್ತಿದ್ದುದು ಇಂಗ್ಲಿಷಿಗಾಗಿ ಮಾಡಿಟ್ಟ 256 ಖಾನೆಗಳು. ಅವುಗಳಲ್ಲಿಯೂ ಕೆಲವು ಯಂತ್ರದ ಸ್ವಂತ ಉಪಯೋಗಕ್ಕೆ ಮೀಸಲು. ನಮ್ಮ ಕಾಗುಣಿತವನ್ನೂ ಒತ್ತಕ್ಷರಗಳನ್ನೂ ಇಡಿಯಾಗಿ ಅದರಲ್ಲಿ ತುಂಬಲು ಸಾಧ್ಯವೇ ಇರಲಿಲ್ಲ. ಆದುದರಿಂದ ಅಕ್ಷರಗಳನ್ನು ತುಂಡು ಮಾಡಿದರು. 'ಕ'ಕಾರದ ಒಡಲು ಒಂದು ಖಾನೆಯಲ್ಲಿ, ತಲೆಕಟ್ಟು ಇನ್ನೊಂದರಲ್ಲಿ, 'ನ'ಕಾರದ ಒತ್ತು ಮತ್ತೊಂದರಲ್ಲಿ. ಓರೆಗೆರೆಯ ಆ ಮೂರು 'ಎ'ಗಳು ಬೇರೇನೂ ಅಲ್ಲ. 'ಕನ್ನಡ' ಎಂಬ ಪದದ ಮೂರು ತಲೆಕಟ್ಟುಗಳು!

ಈ ಉಪಾಯವನ್ನು ಇಂದು ಹಳಿಯುವುದು ಕೃತಘ್ನತೆಯಾದೀತು. ಕನ್ನಡದ ಕೀಲಿಮಣೆಯ ವಿನ್ಯಾಸವನ್ನು ರೂಪಿಸಿದ ಕೆ. ಪಿ. ರಾವ್ ಅವರು, 1998ರಲ್ಲಿ 'ಬರಹ'ವನ್ನು ಹೊರತಂದ ಶೇಷಾದ್ರಿವಾಸು ಅವರು, 'ನುಡಿ'ಯನ್ನು ಸಿದ್ಧಪಡಿಸಿದ ಕನ್ನಡ ಗಣಕ ಪರಿಷತ್ತಿನವರು ದುಡಿಯದಿದ್ದರೆ ನಮ್ಮ ಗುರುಗಳಂಥವರು ಗಣಕಯಂತ್ರದ ಹತ್ತಿರವೇ ಸುಳಿಯುತ್ತಿರಲಿಲ್ಲ. ಆದರೆ ಆ ದಿನಗಳಲ್ಲಿ ಬೇರೆ ಬೇರೆ ತಂತ್ರಾಂಶಗಳವರು ಖಾನೆಗಳನ್ನು ಬೇರೆ ಬೇರೆ ಕ್ರಮದಲ್ಲಿ ತುಂಬಿಕೊಂಡಿದ್ದರು. ಒಬ್ಬರ ಪೆಟ್ಟಿಗೆಯ ಅಂಕೆ ಇನ್ನೊಬ್ಬರಲ್ಲಿ ನಡೆಯುತ್ತಿರಲಿಲ್ಲ.

ಅಕ್ಷರ ಬೇರೆ, ಆಕಾರ ಬೇರೆ

ಈ ಗೊಂದಲಕ್ಕೆ ಪರಿಹಾರವಾಗಿ ಬಂದದ್ದು ಯೂನಿಕೋಡ್. 1991ರಲ್ಲಿ ಹೊರಬಂದ ಅದರ ಮೊದಲನೆಯ ಆವೃತ್ತಿಯಲ್ಲಿಯೇ ಕನ್ನಡಕ್ಕೆ ಸ್ಥಾನ ದೊರೆಯಿತು. 3200ರಿಂದ 3327ರವರೆಗಿನ 128 ಸ್ಥಾನಗಳು ಕನ್ನಡಕ್ಕೆಂದೇ ಮೀಸಲು. ಅಲ್ಲಿ ಬೇರಾವ ಭಾಷೆಯ ಲಿಪಿಯೂ ಕಾಲಿಡುವಂತಿಲ್ಲ. 'ಕ' ಎಂದರೆ 3221. ಬೆಂಗಳೂರಿನಲ್ಲಿಯೂ ಅದೇ, ಬೋಸ್ಟನ್ನಿನಲ್ಲಿಯೂ ಅದೇ.

ಈ ಕ್ರಮದಲ್ಲಿ 'ಕನ್ನಡ'ವನ್ನು ಬರೆದರೆ 3221, 3240, 3277, 3240, 3233 ಎಂದಾಗುತ್ತದೆ. ಕ, ನ, ಸ್ವರವನ್ನು ತೆಗೆಯುವ ವಿರಾಮಚಿಹ್ನೆ, ಮತ್ತೆ ನ, ಕಡೆಗೆ ಡ. ಗಮನಿಸಿದಿರಾ? ತಲೆಕಟ್ಟಿಗೆ ಇಲ್ಲಿ ಅಂಕೆಯೇ ಇಲ್ಲ. ನಕಾರದ ಒತ್ತಿಗೂ ಇಲ್ಲ. ಏಕೆಂದರೆ ಇಲ್ಲಿ ದಾಖಲಾಗುವುದು ಅಕ್ಷರವೇ ಹೊರತು ಅದರ ಆಕಾರವಲ್ಲ. ನ, ವಿರಾಮ, ನ ಎಂಬ ಮೂರು ಒಟ್ಟಿಗೆ ಬಂದರೆ ಎರಡನೆಯದನ್ನು ಒತ್ತಾಗಿ ಕೆಳಗೆ ಬರೆಯಬೇಕೆಂಬ ವ್ಯಾಕರಣವನ್ನು ಫಾಂಟೂ ಯಂತ್ರವೂ ಸೇರಿ ನಡೆಸಿಕೊಳ್ಳುತ್ತವೆ. ಅಂಕೆ ಪ್ರಾಣ; ಫಾಂಟು ಮೈಮೇಲಿನ ಬಟ್ಟೆ. ಬಟ್ಟೆ ಬದಲಾದರೆ ಮನುಷ್ಯ ಬದಲಾಗುವುದಿಲ್ಲ. ಅಕಾರಾದಿಯಾಗಿ ಜೋಡಿಸುವುದು, ಪದವೊಂದನ್ನು ಹುಡುಕುವುದು ಇವೆಲ್ಲ ಸುಲಭವಾದದ್ದೂ ಇದರಿಂದಲೇ. 2001ರಲ್ಲಿ ಬಂದ ವಿಂಡೋಸ್ ಎಕ್ಸ್‌ಪಿಯಲ್ಲಿ 'ತುಂಗಾ' ಎಂಬ ಫಾಂಟಿನೊಡನೆ ಈ ಸೌಕರ್ಯ ಸಾಮಾನ್ಯ ಬಳಕೆದಾರನ ಮನೆಗೂ ಬಂದಿತು. ಆದರೆ ಅನೇಕ ವರ್ಷಗಳ ಕಾಲ ನಾವು ಹಳೆಯ ರೂಢಿಯಲ್ಲಿಯೇ ಬರೆಯುತ್ತ ಹೋದೆವು. ನಮ್ಮ ಗುರುಗಳೂ ಹಾಗೆಯೇ ಮಾಡಿದರು.

ಯಂತ್ರ ನುಂಗಿದ ಅಕ್ಷರ

ಹಳೆಯ ಅಂಕೆಗಳನ್ನು ಯೂನಿಕೋಡಿಗೆ ಬದಲಾಯಿಸಿಕೊಡುವ ಪರಿವರ್ತಕಗಳು ಇಂದು ಉಚಿತವಾಗಿ ದೊರೆಯುತ್ತವೆ. ಗುರುಗಳು ಬಳಸಿದ್ದ ಫಾಂಟು ಯಾವುದೆಂದು ಕಡತವೇ ಹೇಳುತ್ತಿತ್ತು. ಫಾಂಟು ಯಂತ್ರದಲ್ಲಿ ಇಲ್ಲದಿದ್ದರೂ ಅದರ ಹೆಸರನ್ನು ಕಡತ ಮರೆಯುವುದಿಲ್ಲ. ಪುಟಗಳನ್ನು ಪರಿವರ್ತಕಕ್ಕೆ ಕೊಟ್ಟೆ. ಎಂಟು ನಿಮಿಷಗಳೊಳಗಾಗಿ 380 ಪುಟಗಳೂ ಅಚ್ಚಗನ್ನಡದಲ್ಲಿ ಎದ್ದು ನಿಂತವು. ಅಕ್ಕನ ಕಣ್ಣು ತುಂಬಿ ಬಂದಿತು. ನಾನಂತೂ ಗೆದ್ದೆನೆಂದೇ ತಿಳಿದೆ.

ಆ ರಾತ್ರಿ ಓದುತ್ತ ಕುಳಿತವನು 'ಅ'ಕಾರದ ಪುಟಗಳಲ್ಲಿಯೇ ತಡೆದು ನಿಂತೆ. 'ಅರಿ: ಕತ್ತರಿಸು' ಎಂದಿತ್ತು. ಅದರ ಸಮೀಪದಲ್ಲಿಯೇ 'ಅರಿ: ತಿಳಿ' ಎಂದೂ ಇತ್ತು. ಗುರುಗಳು ಹಾಗೆ ಬರೆಯುವವರೇ? ಹಳಗನ್ನಡದಲ್ಲಿ ಕತ್ತರಿಸುವುದು 'ಅರಿ', ತಿಳಿಯುವುದು 'ಅಱಿ'. ತರಗತಿಯಲ್ಲಿ ಈ ಭೇದವನ್ನು ಮರೆತವನನ್ನು ಅವರು ಬೆಂಚಿನ ಮೇಲೆ ನಿಲ್ಲಿಸುತ್ತಿದ್ದರು. ಮುಂದೆ ನೋಡಿದೆ. 'ಆಳ್' ಎಂದರೆ ಒಡೆತನ ನಡೆಸು, 'ಆೞ್' ಎಂದರೆ ಮುಳುಗು. ಎರಡೂ 'ಆಳ್' ಆಗಿದ್ದವು. ಮೞೆ, ಬಾೞೆ, ಪುೞು, ಕೋೞಿ ಎಲ್ಲವೂ ಇಂದಿನ ಳಕಾರವನ್ನು ತೊಟ್ಟು ನಿಂತಿದ್ದವು. ಇಡೀ ಗ್ರಂಥದಲ್ಲಿ ಒಂದು ೞ ಇರಲಿಲ್ಲ, ಒಂದು ಱ ಇರಲಿಲ್ಲ.

ಹದಿಮೂರನೆಯ ಶತಮಾನದಲ್ಲಿ ಕೇಶಿರಾಜನು ತನ್ನ 'ಶಬ್ದಮಣಿದರ್ಪಣ'ದಲ್ಲಿ ರಳ, ಕುಳ, ಕ್ಷಳಗಳೆಂದು ಭೇದಮಾಡಿ ಎಚ್ಚರಿಸಬೇಕಾಯಿತೆಂದರೆ, ಜನರ ನಾಲಗೆಯಿಂದ ೞಕಾರ ಆಗಲೇ ಜಾರುತ್ತಿದ್ದಿರಬೇಕು. ನಮ್ಮ ನೆರೆಯ ತಮಿಳು ಮಲಯಾಳಗಳು ಅದನ್ನು ಇಂದಿಗೂ ಉಳಿಸಿಕೊಂಡಿವೆ. ಕನ್ನಡದ ನಾಲಗೆ ಶತಮಾನಗಳಲ್ಲಿ ನಿಧಾನವಾಗಿ ಮಾಡಿದ ಕೆಲಸವನ್ನು ಯಂತ್ರವು ಎಂಟು ನಿಮಿಷಗಳಲ್ಲಿ ಮಾಡಿ ಮುಗಿಸಿತ್ತು!

ಕಾರಣವನ್ನು ಹುಡುಕಿದಾಗ ತಿಳಿಯಿತು. ಗುರುಗಳ ಫಾಂಟಿನಲ್ಲಿ ಈ ಎರಡು ಅಕ್ಷರಗಳಿಗೆ ಖಾನೆಯೇ ಇರಲಿಲ್ಲ. ಯಾರೋ ಶಿಷ್ಯರು ಅವರಿಗಾಗಿ ಎರಡನೆಯದೊಂದು ಫಾಂಟನ್ನು ರಚಿಸಿ, ಳಕಾರದ ಖಾನೆಯಲ್ಲಿ ೞಕಾರವನ್ನೂ ರಕಾರದ ಖಾನೆಯಲ್ಲಿ ಱಕಾರವನ್ನೂ ಇಟ್ಟುಕೊಟ್ಟಿದ್ದರು. ಅಂದರೆ ಭೇದವೆಲ್ಲ ಇದ್ದುದು ಆಕಾರದಲ್ಲಿ ಮಾತ್ರ, ಅಂಕೆಗಳು ಒಂದೇ. ಪರಿವರ್ತಕವು ಅಂಕೆಗಳನ್ನಷ್ಟೇ ನೋಡುತ್ತದೆ, ಬಟ್ಟೆಯನ್ನು ನೋಡುವುದಿಲ್ಲ.

ಪುಣ್ಯಕ್ಕೆ ಮೂಲ ಕಡತ ಹಾಗೆಯೇ ಇದ್ದಿತು. ನಾನು ಪರಿವರ್ತನೆಗೊಳಿಸಿದ್ದು ಅದರ ನಕಲನ್ನು. ಯಾವ ಅಕ್ಷರ ಯಾವ ಫಾಂಟಿನಲ್ಲಿದೆಯೆಂಬುದನ್ನು ಮೂಲ ಕಡತ ಇನ್ನೂ ಬಲ್ಲದು. 'ವರ್ಡ್' ತಂತ್ರಾಂಶದಲ್ಲಿ ಪದವನ್ನು ಹುಡುಕುವಂತೆಯೇ ಒಂದು ಫಾಂಟಿನಲ್ಲಿರುವುದನ್ನಷ್ಟೇ ಹುಡುಕಲು ಬರುತ್ತದೆ. ಹಾಗೆ ಹುಡುಕಿಸಿ, ಎರಡನೆಯ ಫಾಂಟಿನ ಪ್ರತಿಯೊಂದು ಅಕ್ಷರದ ಹಿಂದೆಯೂ ಗ್ರಂಥದಲ್ಲಿ ಬೇರೆಲ್ಲಿಯೂ ಇಲ್ಲದ ಒಂದು ಗುರುತನ್ನಿರಿಸಿದೆ. ಅನಂತರ ಪರಿವರ್ತಿಸಿ, ಗುರುತು ಹೊತ್ತ 'ಳ'ವನ್ನೆಲ್ಲ 'ೞ'ವಾಗಿಯೂ, ಗುರುತು ಹೊತ್ತ 'ರ'ವನ್ನೆಲ್ಲ 'ಱ'ವಾಗಿಯೂ ತಿದ್ದಿಸಿದೆ. ಬಳಿಕ ಪುಟಪುಟವನ್ನೂ ಕಣ್ಣಿನಿಂದ ಪರಿಶೀಲಿಸಲು ಮೂರು ವಾರಗಳಾದವು. ಮೂಲ ಕಡತವನ್ನು 'ಕಸ'ವೆಂದು ಅಳಿಸಿದ್ದರೆ? ಆ ಯೋಚನೆಯೇ ಬೇಡ.

ಇಲ್ಲಿ ಒಂದು ಸ್ವಾರಸ್ಯವನ್ನು ಹೇಳದೆ ಮುಂದುವರಿಯಲಾರೆ. ಯೂನಿಕೋಡಿನಲ್ಲಿ ೞಕಾರಕ್ಕೆ 3294ನೆಯ ಸ್ಥಾನವೇನೋ ದೊರೆತಿದೆ. ಆದರೆ ಅಲ್ಲಿ ಅದಕ್ಕೆ ಕೊಟ್ಟಿರುವ ಹೆಸರು, ಇಂಗ್ಲಿಷಿನ 'ಎಫ್' ಧ್ವನಿಯ 'ಫ' ಎಂದು! ಒಮ್ಮೆ ಇಟ್ಟ ಹೆಸರನ್ನು ಎಂದಿಗೂ ಬದಲಾಯಿಸಬಾರದೆಂಬುದು ಅವರ ಕಟ್ಟಳೆ. ಹೀಗಾಗಿ ಇದು ತಪ್ಪಿನಿಂದಾದದ್ದೆಂಬ ಟಿಪ್ಪಣಿಯೊಂದನ್ನು ಕೆಳಗೆ ಬರೆದು ಸುಮ್ಮನಾಗಿದ್ದಾರೆ. ಹೆಸರು ಏನಾದರೇನು, ಸ್ಥಾನ ಭದ್ರವಾಗಿದೆಯಲ್ಲ!

ಆಕಾರವನ್ನೂ ಜೊತೆಗೆ ಕಳುಹಿಸುವುದು

ಪ್ರಾಣ ಉಳಿಯಿತು. ಇನ್ನು ಬಟ್ಟೆಯ ಮಾತು. ಶುದ್ಧಪ್ರತಿಯನ್ನು ಬೇರೊಂದು ಊರಿನ ಮುದ್ರಣಾಲಯಕ್ಕೆ ಮಿಂಚಂಚೆಯಲ್ಲಿ ಕಳುಹಿಸಿದೆ. ಮರುದಿನವೇ ದೂರವಾಣಿ ಕರೆ: "ಸ್ವಾಮಿ, ನಡುನಡುವೆ ಬರೀ ಚೌಕಗಳು ಬಂದಿವೆಯಲ್ಲ!"

ನಾನು ಬಳಸಿದ ಫಾಂಟು ಅವರಲ್ಲಿರಲಿಲ್ಲ. ಅವರ ಯಂತ್ರ ತನ್ನಲ್ಲಿದ್ದ ಬೇರೊಂದನ್ನು ತೊಡಿಸಿತ್ತು. ಆ ಫಾಂಟಿನಲ್ಲಿ ೞ, ಱಗಳ ಮೊಳೆಗಳಿರಲಿಲ್ಲ, ಆದ್ದರಿಂದ ಚೌಕಗಳು. ಈ ಚೌಕಗಳಿಗೆ ತಂತ್ರಜ್ಞರು ಸೋಯಾ ಗಟ್ಟಿಯ ಹೆಸರಿಟ್ಟು 'ತೋಫು' ಎನ್ನುತ್ತಾರೆ. 'ತೋಫು ಬೇಡ' ಎಂಬರ್ಥದ ಇಂಗ್ಲಿಷ್ ಮಾತಿನಿಂದಲೇ 'ನೋಟೋ' ಎಂಬ ಫಾಂಟುಗಳ ಪರಿವಾರಕ್ಕೆ ಹೆಸರು ಬಂದಿದೆ. ಆದರೆ ಈ ಚೌಕವು ಮೊದಲಿನ ವಿಕಾರದಂತಲ್ಲ ಎಂಬುದನ್ನು ಗಮನಿಸಬೇಕು. ಅಂಕೆ ಸರಿಯಾಗಿದೆ, ತೋರಿಸುವ ಮೊಳೆ ಇಲ್ಲ, ಅಷ್ಟೆ. ಸರಿಯಾದ ಫಾಂಟು ದೊರೆತ ಕ್ಷಣವೇ ಅಕ್ಷರ ಕಾಣಿಸಿಕೊಳ್ಳುತ್ತದೆ. ಸ್ವರವಿಲ್ಲದ ನಕಾರಕ್ಕೆ ನಮ್ಮ ಹಿರಿಯರು ಬಳಸುತ್ತಿದ್ದ 'ನಕಾರಪೊಲ್ಲು' ಯೂನಿಕೋಡಿಗೆ ಸೇರಿದ್ದು 2021ರಲ್ಲಿ. ಅದಕ್ಕೆ ಮೊದಲು ಸಿದ್ಧವಾಗಿ, ಅನಂತರ ತಿದ್ದುಪಡಿಯಾಗದ ಫಾಂಟಿನಲ್ಲಿ ಅದನ್ನು ನಿರೀಕ್ಷಿಸುವುದಾದರೂ ಹೇಗೆ?

ಇದಕ್ಕೆ ಪರಿಹಾರ, ಮೊಳೆಗಳನ್ನೂ ಕಡತದೊಳಗೆ ಕಟ್ಟಿ ಕಳುಹಿಸುವುದು. 'ವರ್ಡ್'ನಲ್ಲಿ 'ಫೈಲ್', 'ಆಪ್ಷನ್ಸ್', 'ಸೇವ್' ಎಂದು ಹೋದರೆ 'ಎಂಬೆಡ್ ಫಾಂಟ್ಸ್ ಇನ್ ದ ಫೈಲ್' ಎಂಬ ಆಯ್ಕೆ ಸಿಗುತ್ತದೆ. ಅದಕ್ಕೆ ಗುರುತು ಹಾಕಿ ಉಳಿಸಿದರೆ ಫಾಂಟು ಕಡತದ ಜೊತೆಯಲ್ಲಿಯೇ ಪ್ರಯಾಣ ಮಾಡುತ್ತದೆ. ಅದರ ಕೆಳಗೆ, ಬಳಸಿದ ಅಕ್ಷರಗಳನ್ನು ಮಾತ್ರ ಸೇರಿಸುವ ಇನ್ನೊಂದು ಆಯ್ಕೆಯುಂಟು. ಕಡತ ಹಗುರವಾಗುತ್ತದೆ, ಆದರೆ ಅಲ್ಲಿನವರು ಹೊಸ ಪದವನ್ನು ಸೇರಿಸಬೇಕಾದಾಗ ಬೇಕಾದ ಮೊಳೆ ಇಲ್ಲದೆ ಹೋಗಬಹುದು. ತಿದ್ದುವವರಿಗೆ ಕಳುಹಿಸುವಾಗ ಪೂರ್ಣ ಫಾಂಟನ್ನೇ ಸೇರಿಸುವುದು ಲೇಸು. 'ಲಿಬ್ರೆಆಫೀಸ್'ನಲ್ಲಿ ಇದೇ ಸೌಕರ್ಯ 'ಫೈಲ್', 'ಪ್ರಾಪರ್ಟೀಸ್', 'ಫಾಂಟ್' ಎಂಬಲ್ಲಿದೆ.

ಆದರೆ ಎಲ್ಲ ಫಾಂಟುಗಳೂ ಹೀಗೆ ಪ್ರಯಾಣಕ್ಕೆ ಒಪ್ಪುವುದಿಲ್ಲ. ರಚಿಸಿದವರು ಅದರೊಳಗೇ ಅಪ್ಪಣೆಯ ಚೀಟಿಯೊಂದನ್ನು ಇಟ್ಟಿರುತ್ತಾರೆ. ಕೆಲವನ್ನು ಸೇರಿಸಲೇಬಾರದು, ಕೆಲವನ್ನು ನೋಡಲು ಮತ್ತು ಮುದ್ರಿಸಲು ಮಾತ್ರ ಸೇರಿಸಬಹುದು, ಕೆಲವನ್ನು ತಿದ್ದುವುದಕ್ಕೂ ಬಳಸಬಹುದು, ಇನ್ನು ಕೆಲವನ್ನು ಎಲ್ಲಿ ಬೇಕಾದರೂ ಸ್ಥಾಪಿಸಬಹುದು. ನೋಟೋದಂತಹ ಮುಕ್ತ ಪರವಾನಗಿಯ ಫಾಂಟುಗಳಾದರೆ ಈ ತೊಡಕಿಲ್ಲ. ಫಾಂಟನ್ನೇ ಬೇರೆಯಾಗಿ ಕಳುಹಿಸಿಕೊಟ್ಟರೂ ತಪ್ಪಲ್ಲ.

ಓದುವುದಕ್ಕೆ ಅಥವಾ ಅಚ್ಚಿಗೆ ಮಾತ್ರ ಕಳುಹಿಸುವುದಾದರೆ ಪಿಡಿಎಫ್ ಉತ್ತಮ. 1993ರಲ್ಲಿ ಅಡೋಬಿ ಸಂಸ್ಥೆ ಹೊರತಂದ ಈ ಕ್ರಮದಲ್ಲಿ ಪುಟವು ಜೋಡಿಸಿದಂತೆಯೇ ನಿಲ್ಲುತ್ತದೆ. ಪದ್ಯದ ಸಾಲು ಮುರಿಯುವುದಿಲ್ಲ, ಪುಟಸಂಖ್ಯೆ ಕದಲುವುದಿಲ್ಲ. ಕಳುಹಿಸುವ ಮುನ್ನ ಅಕ್ರೋಬ್ಯಾಟ್ ರೀಡರಿನಲ್ಲಿ 'ಪ್ರಾಪರ್ಟೀಸ್' ತೆರೆದು 'ಫಾಂಟ್ಸ್' ಪಟ್ಟಿಯನ್ನು ನೋಡಬೇಕು. ಪ್ರತಿಯೊಂದು ಹೆಸರಿನ ಮುಂದೆಯೂ 'ಎಂಬೆಡೆಡ್' ಎಂದಿದ್ದರೆ ನಿಶ್ಚಿಂತೆ. ಆದರೆ ಪಿಡಿಎಫ್ ಎಂಬುದು ಭಾವಚಿತ್ರವಿದ್ದಂತೆ. ನೋಡಲು ಚೆನ್ನ, ಅದರಿಂದ ಕನ್ನಡವನ್ನು ನಕಲಿಸಿ ಬೇರೆಡೆ ಅಂಟಿಸಿದರೆ ಒತ್ತುಗಳೂ ಕೊಂಬುಗಳೂ ಚೆಲ್ಲಾಪಿಲ್ಲಿಯಾಗುವುದುಂಟು. ಚಿತ್ರವಿದೆಯೆಂದು ಮನುಷ್ಯನನ್ನು ಕಳೆದುಕೊಳ್ಳಬಾರದು; ಮೂಲ ಯೂನಿಕೋಡ್ ಕಡತವನ್ನೂ ಜೋಪಾನವಾಗಿ ಇಟ್ಟುಕೊಳ್ಳಬೇಕು.

ಇನ್ನೊಂದು ಸೂಕ್ಷ್ಮವೂ ಉಂಟು. 'ಸೂರ್ಯ'ದಲ್ಲಿ ರೇಫವನ್ನು ಅರ್ಕಾವೊತ್ತಾಗಿ ಬರೆಯುತ್ತೇವೆ. 'ರ‍್ಯಾಂಕ್' ಎಂಬಲ್ಲಿ ರಕಾರವನ್ನು ಮೊದಲಿಟ್ಟು ಯಕಾರವನ್ನು ಒತ್ತಾಗಿಸುತ್ತೇವೆ. ಈ ಎರಡನೆಯ ರೂಪ ಬರಬೇಕಾದರೆ ರಕಾರದ ಬೆನ್ನಿಗೆ 8205 ಎಂಬ, ಕಣ್ಣಿಗೆ ಕಾಣದ ಗುರುತೊಂದು ಇರಬೇಕು. ಕೆಲವು ತಂತ್ರಾಂಶಗಳು ಅದನ್ನು ವ್ಯರ್ಥವೆಂದೆಣಿಸಿ ತೆಗೆದುಹಾಕುತ್ತವೆ. ಆಗ 'ರ‍್ಯಾಂಕ್' ಹೋಗಿ 'ರ್ಯಾಂಕ್' ಆಗುತ್ತದೆ. ಕಾಣದುದೆಲ್ಲ ಇಲ್ಲದುದಲ್ಲವಷ್ಟೆ!

ಕೊನೆಯ ಮಾತು

ಈ ಅನುಭವದಿಂದ ನಾನು ಕಲಿತದ್ದು ಇಷ್ಟು. ಬರೆಯುವಾಗ ಯೂನಿಕೋಡಿನಲ್ಲಿಯೇ ಬರೆಯಬೇಕು. ಅಕ್ಷರಭೇದವನ್ನು ಎಂದಿಗೂ ಫಾಂಟಿನ ಭೇದಕ್ಕೆ ಒಪ್ಪಿಸಬಾರದು. ಕಳುಹಿಸುವಾಗ ಫಾಂಟನ್ನು ಸೇರಿಸಬೇಕು. ಜೊತೆಗೊಂದು ಪಿಡಿಎಫ್ ಇಡಬೇಕು, ಆ ಬದಿಯವರು ಹೋಲಿಸಿ ನೋಡುವುದಕ್ಕಾಗಿ. ಹಳೆಯ ಕಡತವನ್ನು ಪರಿವರ್ತಿಸಿದ ಮೇಲೆಯೂ ಮೂಲವನ್ನು ಅಳಿಸಬಾರದು.

ಕಾರ್ತಿಕದಲ್ಲಿ ಕರಡಚ್ಚು ಬಂದಿತು. ಅಕ್ಕ ಕನ್ನಡಕವನ್ನು ಏರಿಸಿಕೊಂಡು ಮೊದಲು ತೆರೆದದ್ದು 'ಅ'ಕಾರದ ಪುಟಗಳನ್ನು. ಅರಿ: ಕತ್ತರಿಸು. ಅಱಿ: ತಿಳಿ. ಎರಡೂ ತಂತಮ್ಮ ಸ್ಥಾನದಲ್ಲಿದ್ದವು. ಬೆರಳನ್ನು ಆ ಱಕಾರದ ಮೇಲೆ ಒಂದು ಕ್ಷಣ ಇಟ್ಟು, "ಅಪ್ಪ ಬರೆಯುತ್ತಿದ್ದುದು ಹೀಗೆಯೇ" ಎಂದರು. ಮತ್ತೇನೂ ಹೇಳಲಿಲ್ಲ.

ಓದುಗ ಮಿತ್ರರೆ, ತಮ್ಮ ಮನೆಯ ಯಾವುದೋ ಸಂದಿಯಲ್ಲಿಯೂ ಹಿರಿಯರೊಬ್ಬರ ಬರಹ ಇಂತಹ ಹಳೆಯ ಪೆಟ್ಟಿಗೆಯೊಳಗೆ ಮಲಗಿರಬಹುದು. ಯಂತ್ರವೂ ಅದನ್ನು ಬಲ್ಲವರೂ ಇರುವಾಗಲೇ, ಈ ಭಾನುವಾರವೇ, ಅದನ್ನು ತೆರೆದು ನೋಡಿರಿ. ಇರುವೆಯ ಸಾಲಿನಂತೆ ಕಂಡರೆ ಹೆದರಬೇಡಿರಿ. ಅದರ ಒಳಗೆ ಕನ್ನಡವಿದೆ.